ಸಾವಿತ್ರೆವ್ವ ಕುಳಿತ ದಿನ

"ಬಸುರಿ ನೀ, ಹೆಣಾ ಮುಟ್ಟಬ್ಯಾಡ, ಸರಿ ಅಂದ್ರ!" ಅತ್ತೆ ಕೃಷ್ಣವ್ವ ಗದರುತ್ತಿದ್ದರೂ ಶೈಲಜಾ ತಾಯಿ ಸಾವಿತ್ರೆವ್ವನ ಸೀರೆ ಬಿಚ್ಚಿದಳು. ತೊಡೆಗಳ ನಡುವೆ ಹಳೇ ಧೋತರದ ಅರಿವೆ ಬಿಗಿದು ಕಟ್ಟಿತ್ತು. ತೆಗೆದರೆ ಕೀವಿನ ನಾತ ಬಚ್ಚಲೆಲ್ಲ ತುಂಬಿತು. ಗರ್ಭಕೋಶ ಜಾರಿ ಹೊರಗೆ ಬಂದು, ತಿಕ್ಕಿ ತಿಕ್ಕಿ ಹುಣ್ಣಾಗಿತ್ತು.

"ಸಂಜುನ್ನ ಹಡದಾಗಿಂದ ಹಂಗ ಐತಿ," ಎಂದಳು ಸೂಲಗಿತ್ತಿ ಶಟ್ಟೆವ್ವ, ಎಲೆಯಡಿಕೆ ಜಗಿಯುತ್ತ. "ಭಾಳ ಮಂದಿಗೆ ಇರತೈತಿ ಬಿಡ."

ಶೈಲಜಾಗೆ ಹೇಸಿಗೆಯಾದದ್ದು ಹುಣ್ಣಿಗಲ್ಲ, ಆ ಜಗಿಯುವ ಬಾಯಿಗೆ.

*

ತಮ್ಮ ಸಂಜು ಹುಟ್ಟಿದಾಗ ಅವಳಿಗೆ ಹತ್ತು ವರ್ಷ. ಬಾಗಿಲ ಸಂದಿಯಿಂದ ನೋಡಿದ್ದಳು. ಬೇನೆ ಶುರುವಾದ ಗಳಿಗೆಯಿಂದಲೇ ಶಟ್ಟೆವ್ವ "ತಿಣಕ, ಇನ್ನೂ ತಿಣಕ" ಎಂದು ಅವ್ವನ ಜೀವ ತಿಂದಳು. ಕೂಸು ಬಾರದಿದ್ದಾಗ ಹೊಟ್ಟೆಯ ಮೇಲೆ ಮೊಣಕಾಲೂರಿ ಒತ್ತಿದಳು. ಹಡೆದ ಹದಿನಾಲ್ಕನೇ ದಿನಕ್ಕೇ ಅವ್ವ ಎರಡು ಕೊಡ ನೀರು ಹೊತ್ತಳು. ಆಮೇಲೆ ಮಂದಿಯೆದುರು ಆಕೆ ಕುಳಿತದ್ದೇ ಇಲ್ಲ. ಮಗಳ ಮದುವೆಯಲ್ಲೂ ನಿಂತೇ ಉಂಡಳು. ಯರಗಟ್ಟಿಯ ಬೀಗರೆಲ್ಲ ಸೊಕ್ಕಿನ ಹೆಂಗಸು ಎಂದರು.

*

ಈಗ ಪಡಸಾಲೆಯಲ್ಲಿ ಆಕೆಯನ್ನು ಲಿಂಗಾಯತರ ಪದ್ಧತಿಯಂತೆ ಪದ್ಮಾಸನ ಹಾಕಿಸಿ ಗೋಡೆಗೆ ಕಟ್ಟಿ ಕೂರಿಸಿದ್ದರು.

"ಎಷ್ಟ ಛಂದ ಕುಂತಾಳ ನೋಡ್ರಿ," ಎಂದ ಜಂಗಮ ಬಸಯ್ಯ, ವಿಭೂತಿ ಹಚ್ಚುತ್ತ.

ಶೈಲಜಾ ತಂದೆ ನಿಜಗುಣಪ್ಪನ ಮುಂದೆ ನಿಂತಳು. "ಅಪ್ಪಾ, ನಿನಗ ಗೊತ್ತಿತ್ತು?"

"ಡಾಕ್ಟರ್ ಆಪರೇಶನ್ ಅಂದಿದ್ರವಾ. ಹೆಂಗಸರ ಜಡ್ಡು, ಮಂದಿಗೆ ಹ್ಯಾಂಗ ಹೇಳೂದು? ಹತ್ತಿ ಬಿಡಿಸೂದ ಮುಗೀಲಿ ಅಂದೆ."

"ಹದಿನಾಕು ವರ್ಷ ಹತ್ತಿ ಬಿಡಿಸಿದ್ರೇನು? ಥೂ ನಿಮ್ಮ ಬಾಳ್ವಿಗಿ!"

ಶಟ್ಟೆವ್ವ ಬಂದು ಅವಳ ಎಂಟು ತಿಂಗಳ ಹೊಟ್ಟೆಯ ಮೇಲೆ ಕೈಯಿಟ್ಟಳು. "ಅವ್ವ ಇಲ್ಲಂತ ಅಂಜಬ್ಯಾಡ. ನಿನ್ನ ಹಡಸಾಕ ನಾ ಅದೇನಿ."

ಶೈಲಜಾ ಆ ಕೈ ತಳ್ಳಿಹಾಕಿದಳು. "ಮುಟ್ಟಬ್ಯಾಡ! ನಾ ಸವದತ್ತಿ ದವಾಖಾನಿಗೆ ಹೋಗಾಕಿ. ಇವತ್ತ."

"ಹೆರಿಗಿ ಮನ್ಯಾಗ ಅಂತ ಮಾತಾಗೇತಲ್ಲ," ಎಂದ ಗಂಡ ಸಿದ್ಧಾರೂಢ, ತಾಯಿಯ ಮುಖ ನೋಡುತ್ತ. ಆ ಮಾತು ಆಡಿಸಿದವಳೇ ಕೃಷ್ಣವ್ವ.

ಕೃಷ್ಣವ್ವ ಹೆಣದತ್ತಲೇ ನೋಡುತ್ತಿದ್ದಳು. ಕಣ್ಣು ಕೀಳದೆಯೇ, "ಜೀಪು ತಗೊಂಬಾ, ಸಿದ್ದಾ. ದವಾಖಾನಿಗೇ ಹೋಗಲಿ," ಎಂದಳು.

"ಮುಂಜಾನಿಂದ ನಿಂತೀರಿ, ಕುಂದರ್ರಿ ಬೀಗತಿ," ಎಂದು ಯಾರೋ ಚಾಪೆ ಸರಿಸಿದರು.

ಕೃಷ್ಣವ್ವ ಕೂರಲಿಲ್ಲ. ಕಂಬ ಹಿಡಿದು, ಸೀರೆಯೊಳಗೆ ತೊಡೆ ಬಿಗಿಹಿಡಿದು, ಸೊಸೆಯ ಕಣ್ಣು ತಪ್ಪಿಸಿ ನಿಂತೇ ಇದ್ದಳು.