ನಾಲ್ಕು ಬೆರಳು ಕೊಸರು

ಮುನಿವೆಂಕಟಮ್ಮ ದೇವನಹಳ್ಳಿಯಲ್ಲಿ ಹೂ ಮಾರಲು ಕೂತು ಇಪ್ಪತ್ತೆರಡು ವರ್ಷವಾಯಿತು. ವಿಮಾನಗಳು ದಿನವಿಡೀ ಅವಳ ತಲೆಯ ಮೇಲೆಯೇ ಹಾರುತ್ತವೆ. ಹತ್ತುವ ಯೋಗ ಮಾತ್ರ ಈಗ ಬಂದಿತ್ತು. ಪುಣೆಯಲ್ಲಿ ಮಗಳು ಮೋನಿಷಾಳ ಸೀಮಂತ. ಊರಿನ ಅರ್ಧಕ್ಕರ್ಧ ಮದುವಣಗಿತ್ತಿಯರಿಗೆ ಮೊಗ್ಗಿನ ಜಡೆ ಕಟ್ಟಿದವಳಿಗೆ ಸ್ವಂತ ಮಗಳಿಗೆ ಕಟ್ಟುವ ಭಾಗ್ಯ ಸಿಕ್ಕಿರಲಿಲ್ಲ. ಆ ಪುಣ್ಯಾತ್ಗಿತ್ತಿ ರಿಜಿಸ್ಟರ್ ಆಫೀಸಿನಲ್ಲಿ ಮದುವೆಯಾಗಿ ಆಮೇಲೆ ಫೋನ್ ಮಾಡಿದ್ದಳು. ಈ ಸಲ ಬಿಡುವ ಮಾತೇ ಇಲ್ಲ.

ಜಡೆ ಎಂದರೆ ಬಾಳೆಪಟ್ಟೆಯ ಮೇಲೆ ಮೊಗ್ಗು ಹೊಲಿದದ್ದು. ಮಡಚಿದರೆ ಪಟ್ಟೆ ಸೀಳುತ್ತದೆ. ಕಾರ್ಗೋಗೆ ಹಾಕಿದರೆ ಚಟ್ನಿಯಾಗುತ್ತದೆ. ಜೊತೆಗೇ ಒಯ್ಯಬೇಕು. ಅದಕ್ಕೆಂದೇ ಅವಳು ಬಸ್‌ಸ್ಟ್ಯಾಂಡ್ ಹತ್ತಿರದ ಗಫಾರ್‌ನ ಬ್ಯಾಗ್ ಅಂಗಡಿಗೆ ಹೋದಳು.

ಗಫಾರ್ ನೀಲಿ ಬ್ಯಾಗೊಂದಕ್ಕೆ ಟೇಪು ಹಿಡಿದ. “ಚಕ್ರ, ಹಿಡಿ ಎಲ್ಲಾ ಸೇರಿ ಐವತ್ತೈದು ಸೆಂಟಿಮೀಟರ್. ವಿಮಾನದೋರು ಬಿಡೋದು ಇಷ್ಟೇ. ಕಣ್ಮುಚ್ಕೊಂಡು ತಗೊಂಡೋಗಿ.”

ಮುನಿವೆಂಕಟಮ್ಮ ಒಳಗೆ ಮೊಳಕೈ ಚಾಚಿ ನೋಡಿದಳು. ಒಂದು ಮೊಳಕ್ಕೇ ಬ್ಯಾಗ್ ಮುಗಿದುಹೋಯಿತು. ಜಡೆಗೆ ಇನ್ನೂ ನಾಲ್ಕು ಬೆರಳು ಬೇಕು. ಪಕ್ಕದ ಕೆಂಪು ಬ್ಯಾಗಿನಲ್ಲಿ ಅಷ್ಟೂ ಜಾಗವಿತ್ತು.

“ಅದು ಬೇಡಮ್ಮ, ಅಳತೆಗಿಂತ ನಾಲ್ಕು ಬೆರಳು ಜಾಸ್ತಿ ಆಗತ್ತೆ.”

“ನಾಲ್ಕು ಬೆರಳು ತಾನೇ ಸಾಬ್ರೇ? ಅಷ್ಟೂ ಕೊಸರು ಬಿಡಲ್ವಾ ಅವ್ರು?”

ಅವಳು ಮೊಳ ಹಾಕಿದ ಮೇಲೆ, ಗಿರಾಕಿ ಕೇಳದಿದ್ದರೂ, ನಾಲ್ಕು ಬೆರಳು ಹೂ ಹೆಚ್ಚಿಗೆ ಬಿಟ್ಟೇ ಕತ್ತರಿಸುವವಳು. ಲೋಕವೆಲ್ಲ ಹಾಗೇ ನಡೆಯುತ್ತದೆ ಎಂದುಕೊಂಡಿದ್ದಳು. ಕೆಂಪು ಬ್ಯಾಗನ್ನೇ ತಂದಳು.

ಏರ್‌ಪೋರ್ಟಿನಲ್ಲಿ ಅಳತೆಗೆಂದು ಕಬ್ಬಿಣದ ಚೌಕಟ್ಟು ಇಟ್ಟಿದ್ದರು. ಬ್ಯಾಗು ಅದರೊಳಗೆ ಇಳಿಯಲಿಲ್ಲ, ಚಕ್ರ ಹೊರಗೇ ಉಳಿಯಿತು.

“ಕಾರ್ಗೋಗೆ ಹಾಕ್ಬೇಕಮ್ಮ,” ಎಂದಳು ಕೌಂಟರಿನ ಹುಡುಗಿ ರೂಪ.

“ಕೊಸರು ಅಂದ್ಕೊಂಡು ಬಿಟ್ಬಿಡವ್ವ. ಒಳಗೆ ಮಗಳ ಜಡೆ ಐತೆ.”

“ನನ್ ಕೈಲಿಲ್ಲಮ್ಮ.”

“ಜಡೆ ಒಂದ್ನೇ ಕೈಲಿ ಹಿಡ್ಕೊಂಡೋಗ್ಲಾ?”

“ವಿಮಾನ ಏರೋವಾಗ ಮೇಲಿನ ಗೂಡಲ್ಲಿ ಇಡ್ಬೇಕು. ಅಲ್ಲಿ ಎಲ್ಲರ ಬ್ಯಾಗೂ ಅದ್ರ ಮೇಲೆ ಬೀಳತ್ತೆ.” ರೂಪಳ ಕಣ್ಣು ಅವಳ ತಲೆಯತ್ತ ಹೋಯಿತು. “ಮುಡ್ಕೊಂಡ್ಬಿಡಿ. ತಲೇಲಿರೋ ಹೂವನ್ನ ಯಾರೂ ಅಳೆಯಲ್ಲ.”

ಮುನಿವೆಂಕಟಮ್ಮ ತಬ್ಬಿಬ್ಬಾದಳು. ಗಂಡ ಸೊಣ್ಣಪ್ಪ ತೀರಿಕೊಂಡು ಆರು ವರ್ಷ. ಅಲ್ಲಿಂದೀಚೆಗೆ ಸಾವಿರಾರು ಮೊಳ ಹೂ ಅವಳ ಬೆರಳು ದಾಟಿ ಹೋಗಿತ್ತು, ಒಂದು ಎಸಳೂ ತಲೆಗೇರಿರಲಿಲ್ಲ. ಅದೂ ಅಲ್ಲದೆ, ಒಬ್ಬರು ಮುಡಿದ ಹೂವನ್ನು ಸೀಮಂತದ ಹುಡುಗಿಗೆ ಮುಡಿಸುವುದುಂಟೇ? ಮಗಳಿಗೆ ಫೋನ್ ಹಚ್ಚಿ ಎಲ್ಲ ಹೇಳಿದಳು.

ಮೋನಿಷಾ ಅಂದಳು, “ಮುಡ್ಕೊಂಡು ಬಾರಮ್ಮ. ನಿನ್ ತಲೆಯಿಂದ ಬಿಚ್ಚಿ ನೀನೇ ನನಗೆ ಮುಡಿಸು. ನಂಗೆ ಅದೇ ಬೇಕು.”

ಮುನಿವೆಂಕಟಮ್ಮ ಜಡೆಯನ್ನು ಬ್ಯಾಗಿನಿಂದ ಹೊರತೆಗೆದಳು. ಭಯವೂ ಇತ್ತು, ಅದಕ್ಕಿಂತ ಹೆಚ್ಚಿಗೆ ಸಂತೋಷವಿತ್ತು. ಕೆಂಪು ಬ್ಯಾಗು ಕಾರ್ಗೋಗೆ ಹೋಯಿತು. ರೂಪ ಕೌಂಟರಿನಿಂದ ಈಚೆ ಬಂದು ಜಡೆಯನ್ನು ಅವಳ ಹೆಣೆದ ಕೂದಲಿಗೆ ಬಿಗಿದು ಕಟ್ಟಿದಳು.

ಪುಣೆ ಬರುವವರೆಗೂ ಮುನಿವೆಂಕಟಮ್ಮ ಸೀಟಿಗೆ ಬೆನ್ನು ಆನಿಸಲಿಲ್ಲ. ಒಂದೇ ಒಂದು ಸಲ ಕೈ ಹಿಂದಕ್ಕೆ ಹೋಗಿ, ಜಡೆಯ ತುದಿಯ ನಾಲ್ಕು ಬೆರಳನ್ನು ಮೆಲ್ಲಗೆ ಸವರಿ ಬಂತು.