ಐದನೇ ಪಾಕ

ಒಂದು ಸ್ವಲ್ಪ ಕೂತು ಕೇಳಿ. ಅರ್ಧಕ್ಕೇ ಎದ್ದು ನಿಖಿತಾಗೆ ಶಾಪ ಹಾಕಬೇಡಿ. ಪೂರ್ತಿ ಕೇಳಿ, ಆಮೇಲೆ ಬೇಕಾದರೆ ಬಯ್ಯಿರಿ.

ಮಂಡ್ಯದ ಕಾಲೇಜಿನಲ್ಲಿ ನಿಖಿತಾಗೂ ಮದ್ದೂರಿನ ಮುಸರತ್‌ಗೂ ಒಂದೇ ಬೆಂಚು, ಒಂದೇ ಡಬ್ಬಿ ಊಟ, ಕೊನೆ ವರ್ಷದ ಪ್ರಾಜೆಕ್ಟೂ ಒಂದೇ. ಬೆಲ್ಲಕ್ಕೆ ಹೊಂಬಣ್ಣ ಬರಬೇಕಾದರೆ ಏನು ಮಾಡಬೇಕು? ಕಬ್ಬಿನ ಹಾಲಿಗೆ ಹಾಕುವ ಸುಣ್ಣದ ತಿಳಿ, ಕೊಳೆ ತೆಗೆಯಲು ಹಾಕುವ ಬೆಂಡೆಗಿಡದ ಲೋಳೆ, ಒಲೆಯ ಉರಿ. ಈ ಮೂರನ್ನೂ ಒಮ್ಮೆ ಕಡಿಮೆ, ಒಮ್ಮೆ ಜಾಸ್ತಿ ಮಾಡಿ, ಎಲ್ಲ ಜೋಡಣೆಗೂ ಒಂದೊಂದರಂತೆ ಎಂಟು ಪಾಕ ಇಳಿಸಬೇಕು. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದನ್ನು ಸಾಫ್ಟ್‌ವೇರೇ ಚೀಟಿ ಎತ್ತಿದ ಹಾಗೆ ಕಲಸಿ ಕೊಡುತ್ತದೆ.

ಆ ಸಾಫ್ಟ್‌ವೇರ್ ಹುಡುಕಿ ಲ್ಯಾಪ್‌ಟಾಪಿಗೆ ಹಾಕಿದ್ದು ನಿಖಿತಾ. ಕಡಿಮೆಗೆ ಮೈನಸ್ ಒಂದು, ಜಾಸ್ತಿಗೆ ಪ್ಲಸ್ ಒಂದು ಅಂತ ತುಂಬುವುದನ್ನು ಮುಸರತ್‌ಗೆ ಹೇಳಿಕೊಟ್ಟಿದ್ದೂ ಅವಳೇ. ದುದ್ದದಲ್ಲಿ ದೊಡ್ಡಪ್ಪ ಹುಚ್ಚೀರಯ್ಯನ ಆಲೆಮನೆಯ ಹೊಗೆ ಕುಡಿದು ಎಂಟೂ ಪಾಕ ಇಳಿಸಿಕೊಂಡು ಬಂದವಳೂ ಅವಳೇ. ಮುಸರತ್ ಮಾಡಿದ್ದಿಷ್ಟೇ: ಬಣ್ಣದ ಅಂಕಿ ತುಂಬಿದಳು, ಬಟನ್ ಒತ್ತಿದಳು, ಪರದೆಯಲ್ಲಿ ಕಡಿಮೆ ಉರಿಗೊಂದು, ಜಾಸ್ತಿ ಉರಿಗೊಂದು ಅಂತ ಮೂಡಿ ಒಂದನ್ನೊಂದು ಕತ್ತರಿಸಿದ ಎರಡು ಗೆರೆ ನೋಡಿ ಫಟ್ಟಂತ ಹೇಳಿಬಿಟ್ಟಳು.

“ಮೇಡಂ, ಸುಣ್ಣ ಒಂದನ್ನೇ ನೋಡಿದ್ರೆ ಆಗಲ್ಲ. ಉರಿ ಕಡಿಮೆ ಇದ್ರೆ ಸುಣ್ಣ ಜಾಸ್ತಿ ಬೇಕು. ಉರಿ ಜಾಸ್ತಿ ಮಾಡಿ ಬೆಂಡೆನೂ ಜಾಸ್ತಿ ಹಾಕಿದ್ರೆ ಸುಣ್ಣ ಕಡಿಮೆ ಸಾಕು, ಬಣ್ಣ ಬರುತ್ತೆ. ಗೆರೆ ಕ್ರಾಸ್ ಆಗಿದೆ ನೋಡಿ.”

ಪ್ರಾಜೆಕ್ಟ್ ನೋಡಿಕೊಳ್ಳುತ್ತಿದ್ದ ಪುಷ್ಪಾ ಮೇಡಂ ಕುರ್ಚಿಯಿಂದಲೇ ಎದ್ದುಬಿಟ್ಟರು. “ಭೇಷ್! ಕಣ್ಣು ಅಂದ್ರೆ ಇದು. ನಮ್ಮ ಕಾಲೇಜಿನ ಬೆಲ್ಲದ ಯೋಜನೇಲಿ ಕೆಲಸಕ್ಕೆ ಒಬ್ಬರನ್ನೇ ತಗೊಳ್ಳೋದು, ಗೊತ್ತಲ್ಲ? ಮಳವಳ್ಳಿ ಆಲೆಮನೇಲಿ ಇದನ್ನೇ ಮಾಡಿ ತೋರಿಸಮ್ಮ, ನೋಡೋಣ.”

ನಿಖಿತಾ ಚಪ್ಪಾಳೆ ತಟ್ಟಿದಳು. ಬಾಯಿ ನಕ್ಕಿತು, ಹೊಟ್ಟೆಯಲ್ಲಿ ಮಾತ್ರ ಕೆಂಡ. ಅವತ್ತಿನಿಂದ ಮುಸರತ್ ಪೆನ್ನು ಕಚ್ಚಿದರೂ ತಪ್ಪು, ದುಪಟ್ಟಾ ಸರಿಮಾಡಿಕೊಂಡರೂ ಜಂಬ. ‘ಅಕ್ಷರ ಕಲಿಸಿದವಳು ನಾನು, ಶಹಭಾಸ್‌ಗಿರಿ ಇವಳಿಗಾ?’

ಅದೂ ಅಲ್ಲದೆ, ನಿಖಿತಾಗೆ ಒಬ್ಬಳಿಗೇ ಗೊತ್ತಿದ್ದ ವಿಷಯವೊಂದಿತ್ತು.

ಐದನೇ ಪಾಕ ಸುಣ್ಣ ಕಡಿಮೆ, ಬೆಂಡೆ ಜಾಸ್ತಿ, ಉರಿ ಜಾಸ್ತಿಯದು. ಅವತ್ತು ದೊಡ್ಡಪ್ಪನ ಮಗಳು ಅಮೃತ ಗಂಡನ ಊರು ಬಸರಾಳಿಂದ ಬಂದಿದ್ದಳು. ತವರಿಗೆ ಬಂದ ಮಗಳು ಆಲೆಮನೆಗೆ ಕಾಲಿಟ್ಟಾಗ ಯಾವ ಪಾಕ ಒಲೆ ಮೇಲಿರುತ್ತೋ ಅದೇ ಅವಳ ಮಡಿಲಿಗೆ. ಅದು ಆ ಮನೆಯ ಪದ್ಧತಿ. ಹುಚ್ಚೀರಯ್ಯ ಕೊಪ್ಪರಿಗೆ ಇಣುಕಿ ನೋಡಿ, ಒಂದು ಚೊಂಬು ಸುಣ್ಣದ ತಿಳಿ ಸುರಿದೇಬಿಟ್ಟಿದ್ದ.

“ಅಯ್ಯೋ ದೊಡ್ಡಪ್ಪ, ಇದಕ್ಕೆ ಕಡಿಮೆ ಹಾಕ್ಬೇಕಿತ್ತು!”

“ಸುಮ್ಕಿರವ್ವ. ಮಗಳು ತಗೊಂಡೋಗೋ ಬೆಲ್ಲ ಕರ್ರಗಿದ್ರೆ ಬೀಗ್ರು ನಗಾಕಿಲ್ವಾ? ನಿನ್ ಕಂಪ್ಯೂಟರ್‌ಗೆ ಬೀಗ್ರು ಅವ್ರಾ?”

ಎಲ್ಲರೂ ನಕ್ಕರು, ನಿಖಿತಾಳೂ ನಕ್ಕಳು. ಒಂದು ಚೊಂಬಿನಿಂದ ಏನಾದೀತು ಅಂತ ಬಣ್ಣ ಅಳೆದು, ‘ಸುಣ್ಣ ಕಡಿಮೆ’ ಅಂತಲೇ ಮುಸರತ್‌ಗೆ ಅಂಕಿ ಕಳಿಸಿದ್ದಳು. ಈಗ ಗೊತ್ತಾಯಿತು, ಏನಾಗುತ್ತೆ ಅಂತ. ಆ ಗೆರೆಗಳು ಕತ್ತರಿಸಿದ್ದು ಉರಿಯಿಂದಲ್ಲ, ದೊಡ್ಡಪ್ಪನ ಚೊಂಬಿನಿಂದ! ಹೇಳಿಬಿಡೋಣ ಅಂತ ಬಾಯಿ ತೆರೆದವಳಿಗೆ ಮೇಡಮ್ಮನ ಆ ‘ಭೇಷ್’ ಮತ್ತೆ ಕಿವಿಯಲ್ಲಿ ಮೊಳಗಿತು. ಬಾಯಿ ಮುಚ್ಚಿಕೊಂಡಳು. ಮಾಡಿ ತೋರಿಸಲಿ, ಮಳವಳ್ಳಿಯಲ್ಲೇ ಇಳಿಯಲಿ ಇವಳ ಜಂಬ.

ಆ ದಿನ ಬಂತು. ಮಂಡ್ಯದಿಂದ ಹೊರಟ ಬಸ್ಸಿಗೆ ಮದ್ದೂರಿನಲ್ಲಿ ಮುಸರತ್ ಹತ್ತಿದಳು. ನಿಖಿತಾ ಪಕ್ಕದಲ್ಲಿ ಕೂತು ಲ್ಯಾಪ್‌ಟಾಪ್ ತೆರೆದಳು.

“ಲೇ ನಿಖಿ, ಎಲ್ಲಾ ಚುಕ್ಕೆನೂ ಗೆರೆ ಪಕ್ಕದಲ್ಲೇ ಅವೆ. ಇದೊಂದು ಮಾತ್ರ ದೂರ ನಿಂತದೆ ನೋಡು. ಐದನೇ ಪಾಕ. ಅವತ್ತು ಏನಾದ್ರೂ ಎಡವಟ್ಟಾಯ್ತೇನೆ?”

ನಿಖಿತಾ ಕಿಟಕಿಯಾಚೆ ಗದ್ದೆ ನೋಡಿದಳು. “ಏನೂ ಇಲ್ಲ ಕಣೆ.”

“ಸರಿ ಬುಡು. ನೀನೇ ಅಲ್ಲಿದ್ದೆಯಲ್ಲ, ನಂಗಷ್ಟು ಸಾಕು.”

ಮಳವಳ್ಳಿಯ ಆಲೆಮನೆಯ ಯಜಮಾನ ಲಿಂಗರಾಜು ನಾಲ್ಕು ಊರಿನವರನ್ನು ಸೇರಿಸಿಕೊಂಡು ಕಾಯುತ್ತಿದ್ದ. ಪುಷ್ಪಾ ಮೇಡಂ ಆಗಲೇ ಬಂದು ಕೂತಿದ್ದರು. “ಕಂಪ್ಯೂಟರ್ ಹೇಳ್ದಂಗೇ ಬೇಯಿಸ್ತೀವಿ ಕಣಮ್ಮ. ಕೆಟ್ರೆ ಮಾತ್ರ ಕಂಪ್ಯೂಟರ್‌ಗೇ ತಿನ್ನಿಸ್ತೀವಿ!”

ಉರಿ ಏರಿತು. ಬೆಂಡೆ ಲೋಳೆ ಬಿತ್ತು. ಸುಣ್ಣ ಕಡಿಮೆ. ಕಬ್ಬಿನ ಹಾಲು ಕುದಿಯತೊಡಗಿತು, ಆದರೆ ಕೊಳೆಯೆಲ್ಲ ಮಡ್ಡಿಯಾಗಿ ಒಡೆದು ಮೇಲೆ ಬರಲೊಲ್ಲದು. ಬಣ್ಣ ಬರಬರುತ್ತಾ ಬಗ್ಗಡದ ನೀರಾಯಿತು. ಮುಸರತ್ ಒಮ್ಮೆ ಕೊಪ್ಪರಿಗೆ ನೋಡುತ್ತಾಳೆ, ಒಮ್ಮೆ ಪರದೆ ನೋಡುತ್ತಾಳೆ. ಗುಂಪಿನಲ್ಲಿ ಯಾರೋ ಕಿಸಕ್ಕಂದರು. ನಿಖಿತಾಗೆ ಬೇಕಾಗಿದ್ದು ಇದೇ. ಆದರೂ ಮುಸರತ್‌ಳ ತುಟಿ ನಡುಗುವುದನ್ನು ಕಂಡವಳೇ ಗುಂಪು ಸರಿಸಿ ಮುಂದೆ ನುಗ್ಗಿದಳು.

“ಲಿಂಗರಾಜಣ್ಣ, ಇನ್ನೊಂದು ಚೊಂಬು ಸುಣ್ಣದ ತಿಳಿ ಉಯ್ಯಿ! ಬೇಗ!”

ಗೆಳತಿಯ ಮೇಲಿನ ಕನಿಕರವೋ, ತಾನು ಮಿಂಚಬೇಕೆಂಬ ಆಸೆಯೋ, ಹಾಗೆ ಕೂಗಿದ್ದು ಯಾಕೆಂದು ಅವಳಿಗೇ ತಿಳಿಯದು. ಮಡ್ಡಿ ಒಡೆಯಿತು. ಪಾಕ ಹದಕ್ಕೆ ಬಂತು. ಅಚ್ಚಿನಿಂದ ಬಿದ್ದ ಬೆಲ್ಲ ಹೊನ್ನು, ಹೊನ್ನು!

ಪುಷ್ಪಾ ಮೇಡಂ ಓಡಿ ಬಂದು ನಿಖಿತಾಳ ಭುಜ ಹಿಡಿದರು. “ಸಾಫ್ಟ್‌ವೇರ್‌ಗೆ ಕಾಣದ್ದು ನಿನಗೆ ಕಾಣಿಸ್ತಲ್ಲೇ! ಯೋಜನೆಗೆ ನೀನೇ. ಎಲ್ಲರ ಮುಂದೆನೇ ಹೇಳ್ತಿದೀನಿ.”

ಮೊದಲು ಚಪ್ಪಾಳೆ ತಟ್ಟಿದವಳು ಮುಸರತ್. ಆಮೇಲೆ ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ ಅಂದಳು: “ಒಂದೇ ಚೊಂಬು ಅಂತ ಅಷ್ಟು ಕರೆಕ್ಟಾಗಿ ಹೆಂಗೆ ಗೊತ್ತಾಯ್ತೆ ನಿಂಗೆ?”

ನಿಖಿತಾ ಉತ್ತರಿಸುವಷ್ಟರಲ್ಲಿ ಲಿಂಗರಾಜು ಬಿಸಿ ಬೆಲ್ಲ ಅವಳ ಕೈಗಿಟ್ಟು ಅದನ್ನೇ ಗಟ್ಟಿಯಾಗಿ ಕೇಳಿದ. “ಹೇಳವ್ವ, ಹೆಂಗ್ ಗೊತ್ತಾಯ್ತು? ನಾವೂ ಕಲ್ತ್ಕತೀವಿ.”

ಎಲ್ಲರೂ ಅವಳತ್ತ ತಿರುಗಿದರು. ಮೇಡಂ ನಗುತ್ತಾ ನಿಂತಿದ್ದರು. ಮುಸರತ್ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

“ಸುಮ್ನೆ... ಅಂದಾಜು ಅಣ್ಣ,” ಅಂದಳು ನಿಖಿತಾ.

ವಾಪಸ್ ಬಸ್ಸಿನಲ್ಲಿ ಮುಸರತ್ ಹಿಂದಿನ ಸೀಟಿನಲ್ಲಿ ಕೂತಳು, ಮದ್ದೂರಿನಲ್ಲಿ ಹೇಳದೆ ಇಳಿದು ಹೋದಳು. ಯೋಜನೆಯ ಜಾಗ ನಿಖಿತಾಗೇ ಸಿಕ್ಕಿತು. ಕೈಯಲ್ಲಿದ್ದ ಬೆಲ್ಲ ಮಂಡ್ಯ ಮುಟ್ಟುವವರೆಗೂ ಬಾಯಿಗೆ ಹೋಗಲಿಲ್ಲ.

ಈಗ ಹೇಳಿ, ಲಿಂಗರಾಜು ಹಾಗೆ ಕೇಳಿದಾಗ ಅವಳ ಜಾಗದಲ್ಲಿ ನೀವಿದ್ದಿದ್ದರೆ ಏನು ಹೇಳುತ್ತಿದ್ದಿರಿ?