ಮರದ ಬಟ್ಟಲು

ಮಗಳು ಇಟ್ಸೆಲ್‌ಳ ರಕ್ತದಲ್ಲಿ ಸೀಸದ ವಿಷ ಕಂಡ ಮೇಲೆ ಯೂಲಾಲಿಯಾ ತನ್ನ ಮಡಕೆಗಳಿಗೆ ಸೀಸದ ಮೆರುಗು ಹಚ್ಚುವುದನ್ನು ಬಿಟ್ಟಳು. ಮಿಚೊಅಕಾನ್ ಸೀಮೆಯ ನಮ್ಮ ಕುಂಬಾರರ ಊರಲ್ಲಿ ಮಿಕ್ಕವರಾರೂ ಬಿಡಲಿಲ್ಲ. ಪಕ್ಕದ ಮನೆಯ ಮಗುವಿನ ದೀಕ್ಷಾಸ್ನಾನದ ಊಟಕ್ಕೆ ಅವಳು ಇಟ್ಸೆಲ್‌ಗೆಂದು ಮರದ ಬಟ್ಟಲು ತಂದಳು.

"ಏನ್ ಕೊಮಾದ್ರೆ, ನಮ್ ಮಡಕೆ ಮೈಲಿಗೆನಾ?" ಎಂದಳು ಆ ಮನೆಯ ಹಸಿಂತಾ, ಗೆಳತಿಯನ್ನು ಕರೆಯುವ ಸಲಿಗೆಯಲ್ಲೇ. "ಇದ್ರಲ್ಲೇ ಉಂಡು ನನ್ನ ಐದೂ ಮಕ್ಳು ಗೂಳಿ ಥರ ಬೆಳೆದವೆ."

ಎಲ್ಲರೂ ನಕ್ಕರು. ಹಸಿಂತಾ ಧಾರಾಳವಾಗಿಯೇ ಬಟ್ಟಲಿಗೆ ಕೋಳಿಸಾರು ಸುರಿದಳು. ಆ ಸಾರು ಬೆಳಗಿನಿಂದ ಕುದ್ದದ್ದು ಸೀಸದ ಮೆರುಗಿನ ದೊಡ್ಡ ಮಡಕೆಯಲ್ಲೇ ಎಂಬುದು ಯೂಲಾಲಿಯಾಗೆ ಆಗಷ್ಟೇ ಅರಿವಾಯಿತು. ಅವಳು ಮಗಳ ಕೈ ಹಿಡಿದು ಎದ್ದಳು. ಯಾರೂ ಕೂರೆನ್ನಲಿಲ್ಲ.

ಮನೆಯಲ್ಲಿ ಅವಳು ಮೊಟ್ಟೆ ಹುರಿಯುವಾಗ ಇಟ್ಸೆಲ್ ಕೇಳಿದಳು: "ಅಮ್ಮಾ, ನನ್ ಹುಟ್ಟುಹಬ್ಬಕ್ಕೆ ಯಾರ್ ಬರ್ತಾರೆ?"

"ನಾನಿದ್ದೀನಲ್ಲ" ಎಂದ ಯೂಲಾಲಿಯಾ, ಉಪ್ಪು ಹಾಕಿದ್ದನ್ನು ಮರೆತು ಮತ್ತೊಮ್ಮೆ ಹಾಕಿದಳು.